ಕಳ್ಳನ ಹೆಸರು ಹೇಳದ ದನಿ

ಇನ್ನೂ ಬೆಳಕು ಹರಿದಿಲ್ಲ. ಆಕೆ ಬೀರುವಿನೊಳಗೆ ಕೂತಿದ್ದಾರೆ. ತಮಾಷೆಯ ಮಾತಲ್ಲ. ಮಲಗುವ ಕೋಣೆಯ ಗೋಡೆಯಲ್ಲೊಂದು ದೊಡ್ಡ ಬೀರು, ಅದರಲ್ಲಿ ಗಂಡನ ಶರ್ಟುಗಳು, ಚಳಿಗಾಲದ ಕೋಟುಗಳು, ಮಡಚಿಟ್ಟ ರಜಾಯಿಗಳು. ಇವುಗಳ ನಡುವೆ ಮೋಟು ಸ್ಟೂಲು, ಮೈಕು, ತೊಡೆಯ ಮೇಲೆ ಲ್ಯಾಪ್‌ಟಾಪು. ಬಟ್ಟೆಗಳು ಸದ್ದನ್ನು ಹೀರಿಕೊಳ್ಳುತ್ತವೆ. ಮೇಲಿನ ಮನೆಯವರು ನೀರಿನ ಪಂಪು ಹಾಕುವ ಮೊದಲು, ಕೆಳಗೆ ಬಸ್ಸುಗಳ ಹಾರ್ನು ಬಡಿದುಕೊಳ್ಳಲು ಶುರುಮಾಡುವ ಮೊದಲು ಕೆಲಸ ಆಗಬೇಕು. ಅಕ್ಕಪಕ್ಕದವರ ಬಾಯಲ್ಲಿ ಆಕೆ 'ಬೀರು ಅಕ್ಕ'.

"ಇಲಿಮರಿ ಹಗ್ಗ ಬಿಚ್ಚುತ್ತಾಳೆ. ದೋಣಿ ಅಲುಗುತ್ತದೆ," ಎಂದು ಮೈಕಿಗೆ ಹೇಳುತ್ತಾರೆ. ತಲೆಯಾಡಿಸಿ ಅಳಿಸಿಬಿಡುತ್ತಾರೆ. "ದೋಣಿ ಅಲುಗೋದು ನೀರಿನ ಸದ್ದಲ್ಲೇ ಗೊತ್ತಾಗುತ್ತೆ. ಮಧ್ಯ ನಂದೇನು ಒಗ್ಗರಣೆ?"

ಕಣ್ಣು ಕಾಣದವರಿಗೆ ಸಿನಿಮಾ ಹೇಳುವುದು ಈಕೆಯ ಕೆಲಸ. ಪಾತ್ರಗಳ ಮಾತು ನಿಂತ ಕಡೆ, ಎರಡು ಮೂರು ಸೆಕೆಂಡಿನ ಸಂದಿಯಲ್ಲಿ, ತೆರೆಯ ಮೇಲೆ ಏನು ಕಾಣುತ್ತಿದೆ ಎಂದು ಹೇಳಬೇಕು. ಚಿತ್ರಮಂದಿರದಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಮಾತ್ರ ಅದು ಕೇಳುತ್ತದೆ. ಚಿತ್ರ ಮುಗಿದ ಮೇಲೆ ಹೆಸರುಗಳು ಮೇಲೇರುತ್ತವಲ್ಲ, ಅದರಲ್ಲಿ ಊಟ ತಂದುಕೊಟ್ಟವರ ಹೆಸರಿದೆ, ನಿರ್ಮಾಪಕರ ಸಾಕುನಾಯಿಗೂ ಕೃತಜ್ಞತೆ ಇದೆ. ಈಕೆಯ ಹೆಸರಿಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿದೆ. ಮರೆ ಮಾಡಿದ ಎಲೆ ಯಾವುದು ಎಂದು ಯಾರೂ ಕೇಳುವುದಿಲ್ಲ.

ಈಗ ಕೈಯಲ್ಲಿರುವುದು ಮಕ್ಕಳಿಗೆಲ್ಲ ಹುಚ್ಚು ಹಿಡಿಸಿರುವ ಆ ಅನಿಮೇಷನ್ ಚಿತ್ರ. ಮೂಲ ಬಂದು ವರ್ಷವಾಗಿದೆ. ಕಣ್ಣಿಲ್ಲದವರ ಪಾಲಿನದು ಈಗ, ಮರುಬಿಡುಗಡೆಯ ಹೊತ್ತಿಗೆ, ತಯಾರಾಗುತ್ತಿದೆ. ಶಾಲಾ ಚೀಲ, ನೀರಿನ ಬಾಟಲಿ, ಟವೆಲ್ಲು, ಎಲ್ಲದರ ಮೇಲೂ ಆ ನೀರುನಾಯಿ ತಾತನ ಮೀಸೆ. ಊರಿನ ಗೋಪುರದ ಗಂಟೆ ಕಳುವಾಗುತ್ತದೆ, ಇಲಿಮರಿಯೊಬ್ಬಳು ಹುಡುಕಲು ಹೊರಡುತ್ತಾಳೆ, ಅಂಬಿಗನಾದ ನೀರುನಾಯಿ ತಾತ ಅವಳನ್ನು ದೋಣಿಯಲ್ಲಿ ಊರೂರು ಸುತ್ತಿಸುತ್ತಾನೆ, ನಗಿಸುತ್ತಾನೆ, ಎರಡು ಸಲ ಜೀವ ಉಳಿಸುತ್ತಾನೆ. ಇನ್ನೂ ನೋಡಿಲ್ಲದವರು ಮನ್ನಿಸಬೇಕು, ಗುಟ್ಟು ಹೇಳದೆ ಮುಂದೆ ಹೋಗುವಂತಿಲ್ಲ. ಗಂಟೆ ಇರುವುದು ಅದೇ ದೋಣಿಯ ಹಲಗೆಯಡಿ. ಮೊಮ್ಮಗ ನೀರುಪಾಲಾದ ದಿನ ಯಾರೂ ಬಾರಿಸದ ಆ ಗಂಟೆಯ ಸದ್ದನ್ನು ಮುಂದೆಂದೂ ಕೇಳಲಾರದೆ ಕದ್ದವನು ತಾತನೇ.

ಬೀರು ಅಕ್ಕ ಓದಿದ್ದು ಸಾಹಿತ್ಯ. ಸಂಜೆ ಕಾಲೇಜಿನಲ್ಲಿ ಕಥನಶಾಸ್ತ್ರ ಪಾಠ ಮಾಡುತ್ತಿದ್ದರು. ಮಕ್ಕಳು ಸೇರುತ್ತಿಲ್ಲವೆಂದು ವಿಭಾಗಕ್ಕೆ ಬೀಗ ಬಿತ್ತು. ಶಾಸ್ತ್ರ ಮಾತ್ರ ಅವರ ಜೊತೆ ಬೀರುವಿನೊಳಕ್ಕೂ ಬಂದಿದೆ.

"ನಡೆದ ಕ್ರಮ ಬೇರೆ, ಹೇಳೋ ಕ್ರಮ ಬೇರೆ," ಎನ್ನುತ್ತಾರೆ. "ನಡೆದ ಕ್ರಮದಲ್ಲಿ ಕಳ್ಳತನ ಮೊದ್ಲು. ಹೇಳೋ ಕ್ರಮದಲ್ಲಿ ಅದು ಕೊನೆಗೆ. ಕಥೆ ಅನ್ನೋದು ಆ ಎರಡರ ನಡುವೆ ಇರೋದು. ಇನ್ನೊಂದು, ಹೇಳ್ತಿರೋಳು ನಾನು, ಆದ್ರೆ ನೋಡ್ತಿರೋಳು ಇಲಿಮರಿ. ಅವಳಿಗೆ ಗೊತ್ತಿಲ್ಲದ್ದು ನನ್ನ ಬಾಯಲ್ಲಿ ಬರಬಾರ್ದು. ಕದಿಯೋನು ಒಬ್ಬ, ನೆರವಾಗೋನು ಒಬ್ಬ, ಹೀಗೆ ಕಥೆಗಳಲ್ಲಿ ಕೆಲಸ ಹಂಚಿರ್ತಾರೆ. ಇಲ್ಲಿ ಎರಡೂ ಕೆಲಸ ಒಬ್ಬನ ಹೆಗಲಿಗೆ ಬಿದ್ದಿದೆ. ಅದನ್ನ ಮೊದಲೇ ಬಿಚ್ಚಿಟ್ರೆ ಉಳಿಯೋದೇನು, ಮೀಸೆ?"

ಪಾಠ ಕಾಲೇಜಿನದಾದರೂ ಪಳಗಿಸಿದ್ದು ಅತ್ತೆ. ಕಣ್ಣಿನ ಒತ್ತಡ ಏರಿ ಅತ್ತೆಯ ದೃಷ್ಟಿ ಹೋದಾಗ, ಪಕ್ಕದಲ್ಲಿ ಕೂತು ಟೀವಿ ಧಾರಾವಾಹಿ ಹೇಳುವುದು ಸೊಸೆಯ ಪಾಲಿಗೆ ಬಂತು. ಒಂದು ದಿನ ಸೊಸೆ, "ಅವಳ ಮುಖ ನೋಡಿದ್ರೇ ಕಳ್ಳಿ ಅಂತ ಗೊತ್ತಾಗುತ್ತೆ ಅತ್ತೆ," ಎಂದರಂತೆ. ಅತ್ತೆ ಸಿಡಿದೆದ್ದರು. "ನಿನ್ನನ್ನ ಯಾರು ಕೇಳಿದ್ರೇ? ಮುಖ ಹೇಗಿದೆ ಅಷ್ಟು ಹೇಳು. ಕಳ್ಳಿ ಹೌದೋ ಅಲ್ವೋ ನಾನು ನೋಡ್ಕೋತೀನಿ." ಇವತ್ತಿಗೂ ಪ್ರತಿ ಚಿತ್ರದ ಮೊದಲ ಕೇಳುಗರು ಈ ಅತ್ತೆಯೇ, ಮೊದಲ ಬೈಗುಳವೂ ಅವರದೇ.

ಅತ್ತೆ ಟೀ ಲೋಟ ಹಿಡಿದು, ನಾನು ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತ ಕೂತಿದ್ದಾಗ ಫೋನು ಬರುತ್ತದೆ. ಸೌಂಡ್ ಸ್ಟುಡಿಯೋದ ಮೇಲ್ವಿಚಾರಕರು. ಬೀರು ಅಕ್ಕ ಸ್ಪೀಕರ್ ಹಾಕುತ್ತಾರೆ.

"ಮೇಡಂ, ಶುರುವಲ್ಲಿ ಗೋಪುರದ ಹತ್ರ 'ಒಂದು ನೆರಳು' ಅಂದಿದ್ದೀರಿ. ಯಾರ ನೆರಳು ಅಂತ ಹೇಳ್ಬೇಕಲ್ವಾ? ಪಾಪ, ಅವರಿಗೆ ಕಾಣಲ್ಲ."

"ಅಲ್ಲಿ ಯಾರಿಗೂ ಕಾಣಲ್ಲ ಸರ್. ನಿಮಗೂ ಕಾಣಲ್ಲ. ಕತ್ತಲೆ, ನೆರಳು, ಅಷ್ಟೇ ಇರೋದು."

"ಬಾಲ ನೋಡಿದ್ರೆ ಅಂದಾಜಾಗುತ್ತೆ."

"ಹಾಗಾದ್ರೆ ಬಾಲ ಇರೋ ನೆರಳು ಅಂತೀನಿ."

"ಅದೆಲ್ಲ ಬೇಡ. 'ನೀರುನಾಯಿ ತಾತ ಗಂಟೆ ಕದ್ದು ಓಡುತ್ತಾನೆ' ಅಂದ್ಬಿಡಿ. ಸ್ಪಷ್ಟವಾಗಿರ್ಲಿ."

"ಕೊಡೇ ಇಲ್ಲಿ," ಎಂದು ಅತ್ತೆ ಕೈ ಚಾಚುತ್ತಾರೆ. "ಏನಪ್ಪಾ, ನನಗೆ ಕಣ್ಣು ಹೋಗಿದೆ, ಬುದ್ಧಿ ನೆಟ್ಟಗಿದೆ. ಕಳ್ಳ ಯಾರು ಅಂತ ಮೊದಲೇ ಹೇಳಿದ್ರೆ ನಾನ್ಯಾಕೆ ಅಲ್ಲಿವರೆಗೂ ಬಂದು ಕೂರ್ಲಿ?"

"ನಿಮ್ಮಂಥವರಿಗೆ ಗೊಂದಲ ಆಗ್ಬಾರ್ದು ಅಂತ ಅಮ್ಮಾ."

"ಗೊಂದಲ ಆಗ್ಲಿ ಅಂತಾನೇ ಟಿಕೆಟ್ ತಗೊಳ್ಳೋದಪ್ಪಾ!"

ಮೇಲ್ವಿಚಾರಕರು ನಗುತ್ತಾರೆ. ಮಗುವಿನ ಮಾತಿಗೆ ನಗುವ ಹಾಗೆ. ಆ ನಗು ಕೇಳಿ ನನ್ನ ಮೈ ಉರಿಯುತ್ತದೆ. ಆಮೇಲೆ ಅವರ ದನಿ ಬದಲಾಗುತ್ತದೆ: ಆ ಸಾಲು ಓದದಿದ್ದರೆ ಬೇರೆ ದನಿ ಸಿಗುತ್ತದೆ, ಮುಂದಿನ ಚಿತ್ರಗಳಿಗೂ ಸಿಗುತ್ತದೆ. ಈ ಊರಿನಲ್ಲಿ ಇಂಥ ಕೆಲಸ ಕೊಡುವುದು ಅದೊಂದೇ ಸ್ಟುಡಿಯೋ.

"ಆ ಸಾಲು ನನ್ನ ಬಾಯಲ್ಲಿ ಬರಲ್ಲ ಸರ್," ಎಂದು ಬೀರು ಅಕ್ಕ ಫೋನು ಇಡುತ್ತಾರೆ.

ಮಧ್ಯಾಹ್ನ ನಾನೇ ಆ ಮಹಾಶಯರಿಗೆ ಫೋನು ಮಾಡುತ್ತೇನೆ. ಕಣ್ಣು ಕಾಣದ ಯಾರನ್ನಾದರೂ ಕೇಳಿದಿರಾ? ಇಲ್ಲವಂತೆ. ಕೇಳುವುದೇನಿದೆ, ಸಾಮಾನ್ಯ ಜ್ಞಾನವಂತೆ. "ಮೊದಲೇ ಗೊತ್ತಿದ್ರೂ ಒಂದು ಮಜಾ ಇರುತ್ತೆ ಬಿಡಿ," ಎನ್ನುತ್ತಾರೆ. ಇರುತ್ತದೆ, ಒಪ್ಪುತ್ತೇನೆ. ಆ ಮಜಾ ಬೇಕೆಂದಿದ್ದರೆ ಚಿತ್ರ ಮಾಡಿದವರೇ ದೀಪ ಹಾಕಿ ಕಳ್ಳನ ಮುಖ ತೋರಿಸುತ್ತಿದ್ದರು. ಕಣ್ಣಿದ್ದವರ ತೆರೆಯ ಮೇಲೂ ಕಳ್ಳನ ಹೆಸರು ದಪ್ಪಕ್ಷರದಲ್ಲಿ ಬರೆಸುತ್ತೀರಾ ಎಂದು ಕೇಳಿದ್ದಕ್ಕೆ ಫೋನೇ ಕಟ್ಟು. ನಾವು 'ಪಾಪ' ಎಂದು ಕೊಡುವುದರಲ್ಲಿ ಎಷ್ಟು ಕಿತ್ತುಕೊಳ್ಳುತ್ತೇವೆ ಎಂಬುದರ ಲೆಕ್ಕ ಇಂಥವರಿಗೆ ಬೇಕಿಲ್ಲ.

ಬಿಡುಗಡೆಯ ದಿನ ಅತ್ತೆ, ಸೊಸೆ, ನಾನು ಮೂವರೂ ಚಿತ್ರಮಂದಿರದಲ್ಲಿದ್ದೇವೆ. ಅಂಧಮಕ್ಕಳ ಶಾಲೆಯ ಎರಡು ಸಾಲು ಮಕ್ಕಳನ್ನು ಸ್ಟುಡಿಯೋದವರೇ ಕರೆಸಿದ್ದಾರೆ. ಇಯರ್‌ಫೋನ್ ಹಾಕಿಸಿ, ನಗಲು ಹೇಳಿ, ಫೋಟೋ ಹೊಡೆಸಿಕೊಂಡು ಹೋಗಿದ್ದಾರೆ. ಉಳಿದ ಹಾಲ್ ತುಂಬ ಕಣ್ಣು ಕಾಣುವ ಮಕ್ಕಳು, ಬೇರೊಂದು ಶಾಲೆಯಿಂದ ಮೊದಲ ಸಲ ಈ ಚಿತ್ರಕ್ಕೆ ಬಂದವರು.

ಕಿವಿಯಲ್ಲಿ ಬೀರು ಅಕ್ಕನ ದನಿ. ಬೆಟ್ಟ, ಮಂಜು, ಗೋಪುರ. ಇದ್ದಕ್ಕಿದ್ದಂತೆ ಯಾವುದೋ ಅಪರಿಚಿತ ಹೆಣ್ಣುದನಿ ನುಗ್ಗಿ, ನೀರುನಾಯಿ ತಾತ ಗಂಟೆ ಕದ್ದ ಸುದ್ದಿ ಹೇಳಿ ಹೊರಟುಹೋಗುತ್ತದೆ. ಮತ್ತೆ ಬೀರು ಅಕ್ಕನ ದನಿ. ಆಕೆ ಓದಿ ಕಳಿಸಿದ್ದನ್ನೆಲ್ಲ ಇಟ್ಟುಕೊಂಡು, ಬೇಡವೆಂದ ಒಂದೇ ಒಂದು ಸಾಲಿಗೆ ತೇಪೆ ಹಾಕಿದ್ದಾರೆ.

"ಇದ್ಯಾರೇ ಮಧ್ಯ ಬಾಯಿ ಹಾಕಿದ್ದು?" ಅತ್ತೆ ಹಾಲ್‌ಗೆಲ್ಲ ಕೇಳುವಂತೆ ಕೂಗುತ್ತಾರೆ. ಹಿಂದಿನಿಂದ ಯಾರೋ ಶ್ ಎನ್ನುತ್ತಾರೆ.

ನಾನು ತೆರೆ ಬಿಟ್ಟು ಮಕ್ಕಳನ್ನು ನೋಡುತ್ತಿದ್ದೇನೆ. ತಾತ ಜೋಕು ಹೇಳಿದಾಗ ಹಾಲ್ ಬಿದ್ದು ಬಿದ್ದು ನಗುತ್ತದೆ, ಆ ಎರಡು ಸಾಲು ನಗುವುದಿಲ್ಲ. ತಾತ ಇಲಿಮರಿಯನ್ನು ಸುಳಿಯಿಂದ ಎಳೆದಾಗ ಹಾಲ್ ಚಪ್ಪಾಳೆ ಹೊಡೆಯುತ್ತದೆ, ಆ ಎರಡು ಸಾಲು ತುಟಿ ಬಿಗಿದು ಕೂತಿದೆ. ಒಬ್ಬ ಹುಡುಗ "ಸುಳ್ಳ," ಎನ್ನುತ್ತಾನೆ. ಒಂದೇ ಸೂರಿನಡಿ ಎರಡು ಬೇರೆ ಬೇರೆ ಚಿತ್ರ ಓಡುತ್ತಿವೆ. ಅವರು ಆ ತಾತನನ್ನು ಒಂದು ಗಳಿಗೆಯೂ ಪ್ರೀತಿಸಲಿಲ್ಲ.

ಕೊನೆಗೆ ಹಲಗೆ ಏಳುತ್ತದೆ. ಗಂಟೆ ಹೊಳೆಯುತ್ತದೆ. ಇಡೀ ಹಾಲ್ ಒಟ್ಟಿಗೆ "ಅಯ್ಯೋ!" ಎನ್ನುತ್ತದೆ. ಮುಂದೆ ಕೂತ ಪುಟ್ಟ ಹುಡುಗನೊಬ್ಬ ಜೋರಾಗಿ ಅಳತೊಡಗುತ್ತಾನೆ. ಎರಡು ಸಾಲಿನ ಮಕ್ಕಳು ಗಾಬರಿಯಿಂದ ಸದ್ದು ಬಂದತ್ತ ಮುಖ ತಿರುಗಿಸುತ್ತಾರೆ. ಅವರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಪಕ್ಕದ ಟೀಚರ ಕೈ ಎಳೆಯುತ್ತಾಳೆ.

"ಮಿಸ್, ಅವರಿಗೆಲ್ಲ ಇಷ್ಟು ಹೊತ್ತೂ ಗೊತ್ತಿರ್ಲಿಲ್ವಾ?"

ಬೀರು ಅಕ್ಕ ಇಯರ್‌ಫೋನ್ ಕಿತ್ತು ಚೀಲಕ್ಕೆ ತುರುಕಿ, ಅತ್ತೆಯ ತೋಳು ಹಿಡಿದು ಹೊರಗೆ ನಡೆಯುತ್ತಾರೆ.

ಸ್ಟುಡಿಯೋದಿಂದ ಆಮೇಲೆ ಕರೆ ಬಂದಿಲ್ಲ. ಮುಂದಿನ ಚಿತ್ರ ಆ ಒಂದು ಸಾಲಿನ ಹೆಣ್ಣುಮಗಳಿಗೆ ಹೋಗಿದೆ. ಅವಳ ಮೇಲೆ ಸಿಟ್ಟಿಲ್ಲ ಎನ್ನುತ್ತಾರೆ ಬೀರು ಅಕ್ಕ, ಅವಳಿಗೂ ಮನೆಯಿದೆ. ಮೈಕು ಇನ್ನೂ ಕೋಟುಗಳ ನಡುವೆಯೇ ಇದೆ. ಬೇರೆ ಊರಿನ ಸ್ಟುಡಿಯೋಗಳಿಗೆ ದನಿಯ ಮಾದರಿ ಕಳಿಸುತ್ತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನ ಬರೆಯುವವರು ಕೇಳಲೇಬೇಕಾದ ಪ್ರಶ್ನೆ. ಆಕೆ ಅದಕ್ಕೂ ಸಿಟ್ಟಿನಿಂದಲೇ ಉತ್ತರಿಸುತ್ತಾರೆ.

"ಹೆಸರು ಹಾಕದಿದ್ರೂ ಬಿಡ್ಲಿ. ಆ ಜಡೆ ಹುಡುಗಿ ಇನ್ನೊಂದು ಸಲ ಸಿನಿಮಾಗೆ ಬರ್ಲಿ. ಹಾಲ್ ಪೂರ್ತಿ ಮೋಸ ಹೋಗುತ್ತಲ್ಲ, ಆ ಗಳಿಗೇಲಿ ಅವಳೂ ಎಲ್ಲರ ಜೊತೆ ಮೋಸ ಹೋಗ್ಬೇಕು. ಅಷ್ಟು ಸಾಕು ನನಗೆ."