ಹೆಮ್ಮಿಗೆಯ ಅಜ್ಜಿ ತೆಗೆದ ದೃಷ್ಟಿ

ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನ್ನ ತಲೆಯ ಸುತ್ತ ನಿವಾಳಿಸತೊಡಗಿದಾಗ ತಬ್ಬಿಬ್ಬಾದೆ. ವೈರಸ್‌ಗಳ ಸಂಶೋಧನೆಯಲ್ಲೇ ಕೂದಲು ನರೆತವಳು ನಾನು. ಅವರ ಮೊಮ್ಮಗಳಿಗೆ ನಾವು ಹೆದರಿದ್ದ ಸೋಂಕು ತಗುಲಿಲ್ಲ, ಬಂದಿರುವುದು ಮಾಮೂಲಿ ಜ್ವರ ಎಂದು ತಿಳಿಸಲು ಟಿ. ನರಸೀಪುರದ ಕಡೆಯ ಹೆಮ್ಮಿಗೆಗೆ ಹೋಗಿದ್ದೆ.

“ಊರೂರಿನ ಕಾಯ್ಲೆ ಹಿಂದೆ ತಿರುಗ್ತೀಯಲ್ಲವ್ವ, ನಿಂಗ್ಯಾರು ದಿಷ್ಟಿ ತೆಗೆಯೋರು?” ಎನ್ನುತ್ತಾ ಅಜ್ಜಿ ಎಲ್ಲವನ್ನೂ ಒಲೆಯ ಕೆಂಡಕ್ಕೆ ಹಾಕಿದರು. ಸೊಸೆ, ಮೊಮ್ಮಗಳು ಕೆಮ್ಮುತ್ತಾ ಜಗುಲಿಗೆ ಓಡಿದರು. ನಾನು ಮಾತ್ರ ಆರಾಮಾಗಿ ನಿಂತಿದ್ದೆ. ಅಜ್ಜಿಯ ಮುಖ ಬಾಡಿತು. ದೃಷ್ಟಿ ಬಿದ್ದವರಿಗೆ ಮೆಣಸಿನಕಾಯಿಯ ಘಾಟು ತಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ಮೂಗಿಗೆ ಬಿಗಿದಿದ್ದ ಮಾಸ್ಕ್ ತೋರಿಸಿದರೂ ಒಪ್ಪಲಿಲ್ಲ. ಕೊನೆಗೆ ಮಾಸ್ಕನ್ನು ಕೆಳಗೆಳೆದೆ ನೋಡಿ, ಕಣ್ಣಲ್ಲಿ ನೀರು ಸುರಿಯುವಷ್ಟು ಕೆಮ್ಮು!

“ಕೆಮ್ಮುದ್ಲು ಕಣಮ್ಮಿ! ಸದ್ಯ, ಏನೂ ಆಗಿಲ್ಲ” ಎಂದು ಸೊಸೆಗೆ ಕೂಗಿ ಹೇಳಿ, ಅಜ್ಜಿ ನನ್ನ ಬೆನ್ನು ಸವರಿದರು.

ಯಾರಾದರೂ ಕೆಮ್ಮಿದರೆ ಬೆಚ್ಚಿಬೀಳುವುದೇ ಇಷ್ಟು ವರ್ಷಗಳ ನನ್ನ ಕೆಲಸವಾಗಿತ್ತು. ಕೆಮ್ಮು ಕೇಳಿ ಒಬ್ಬರು ನಿರಾಳವಾಗಿ ಉಸಿರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.