ಕಂಬದ ಹಿಂದಿನ ಹೊಯ್ಗೆ ಚೀಲ

ಬಸ್ಸಿನ ಬ್ರೇಕ್ ಕಿರುಗುಟ್ಟಿದರೆ ಸಾಕು, ಈಗ ನನ್ನ ಕೈ ಮುಂದಿನ ಸೀಟನ್ನು ಹಿಡಿದುಕೊಳ್ಳುತ್ತದೆ. ಆ ಸಂಜೆ ಬಾಸ್ಕೆಟ್‌ಬಾಲ್ ಕಂಬ ವಾಲಿದಾಗ ಬಂದದ್ದು ಅಂಥದೇ ಸದ್ದು.

ಅಕ್ಕ ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಹಾಯಕ ಕೋಚ್. ಅದೇ ಕಾಲೇಜಿನ ತಂಡದಲ್ಲಿ ಆಡಿ ಊರೂರು ತಿರುಗಿದವಳು. ಕೊನೆಯ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆದ ಮೇಲೆ ಸಿದ್ಧಕಟ್ಟೆಯ ಮನೆಯಲ್ಲಿ ಕಾಲು ಚಾಚಿ ಕುಳಿತು ಗೋಡೆಗೆ ಚೆಂಡು ಎಸೆಯುತ್ತಿದ್ದಳು. ಹೆಕ್ಕಿ ಕೊಡುವ ಕೆಲಸ ನನ್ನದು. ಕಾಲೇಜಿನವರು ಕೆಲಸಕ್ಕೆ ಕರೆದಾಗ ಅಮ್ಮ, "ಸಹಾಯಕ ಅಂದರೆ ಎಂತ, ಚೆಂಡು ಹೊರುವುದಾ?" ಎಂದರು.

"ಹೌದಮ್ಮ, ನೀರು ಹೊರುವುದೂ ಉಂಟು" ಎಂದು ಅಕ್ಕ ನಕ್ಕಳು.

ಅವಳ ತಂಡದಲ್ಲಿ ಒಂದು ಪದ್ಧತಿ ಇದೆ. ಯಾರದಾದರೂ ಹುಟ್ಟುಹಬ್ಬವಿದ್ದರೆ ಉಳಿದವರು ಅವಳನ್ನು ಎತ್ತಿ ರಿಂಗಿಗೆ ಜೋತು ಬೀಳಿಸುತ್ತಾರೆ. ಹಾಡು ಮುಗಿಯುವವರೆಗೆ ನೇತಾಡಬೇಕು. ಅಂದು ಬಾಗಲಕೋಟೆಯಿಂದ ಬಂದ ಹುಡುಗಿಯ ಸರದಿ. ಅಕ್ಕನ ಜೊತೆ ಮನೆಗೆ ಹೋಗಲು ನಾನು ಅಂಗಳದ ಬದಿಯಲ್ಲಿ ಕಾಯುತ್ತಿದ್ದೆ.

ಆ ಕಂಬ ಚಕ್ರದ ಮೇಲೆ ನಿಲ್ಲುವಂಥದ್ದು. ಮುಂದಕ್ಕೆ ಮಗುಚದಿರಲೆಂದು ಅದರ ಹಿಂದಿನ ಪೆಟ್ಟಿಗೆಯಲ್ಲಿ ಹೊಯ್ಗೆ, ಅಂದರೆ ಮರಳು, ತುಂಬಿದ ಚೀಲಗಳನ್ನು ಹೇರಿರುತ್ತಾರೆ. ಕಾಲೇಜ್ ಡೇಗೆ ಶಾಮಿಯಾನದವರು ಹಗ್ಗಕ್ಕೆ ಭಾರ ಕೇಳಿದಾಗ ಅಕ್ಕನೇ ಆ ಚೀಲಗಳನ್ನು ಕೊಟ್ಟಿದ್ದಳು. ಶಾಮಿಯಾನ ಬಿಚ್ಚಿದ ಮೇಲೆ ಅವು ವೇದಿಕೆಯ ಹಿಂದೆಯೇ ಉಳಿದವು. ಯಾರಿಗೂ ನೆನಪಾಗಲಿಲ್ಲ.

ಹುಡುಗಿ ಜೋತುಬಿದ್ದಳು. ಹಾಡು ಶುರುವಾಯಿತು. ಕಂಬದ ಹಿಂದಿನ ಚಕ್ರಗಳು ನೆಲ ಬಿಟ್ಟವು.

ಅಕ್ಕ ಹುಡುಗಿಯತ್ತ ಓಡಲಿಲ್ಲ. ಆಪರೇಷನ್ ಆದ ಆ ಕಾಲಿನಲ್ಲೇ ಕಂಬದ ಹಿಂದಕ್ಕೆ ಓಡಿ, ಮೇಲೇಳುತ್ತಿದ್ದ ಖಾಲಿ ಪೆಟ್ಟಿಗೆಯ ಮೇಲೆ ಕವುಚಿ ಬಿದ್ದಳು. ಕಂಬ ಒಂದು ಗಳಿಗೆ ತಡೆದು ನಿಂತಿತು.

"ಕೈ ಬಿಡು" ಎಂದಳು ಅಕ್ಕ.

ಹುಡುಗಿ ಬಿದ್ದು ಆಚೆ ಹೊರಳಿದಳು. ಭಾರ ಇಳಿದ ಕಂಬ ಧಡ್ ಎಂದು ಹಿಂದಕ್ಕೆ ಕೂತಿತು.

ಹುಡುಗಿಯೇ ಮೊದಲು ಮಾತಾಡಿದ್ದು. "ನನಗೇನೂ ಆಗಿಲ್ರಿ ಮೇಡಂ. ನೀವು ಏಳ್ರಿ."

ಏಳಲು ಅಕ್ಕನಿಗೆ ಹೊತ್ತು ಹಿಡಿಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಚೀಲ ಕೊಟ್ಟವಳು ನಾನು. ಇನ್ನು ಕೆಲಸಕ್ಕೆ ಬರುವುದಿಲ್ಲ ಅಂತ ನಾಳೆ ಹೇಳ್ತೇನೆ" ಎಂದಳು. ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟೆ.

ಮರುದಿನ ಅದನ್ನು ಹೇಳಲೆಂದೇ ಹೊರಟಳು, ನಾನೂ ಹೋದೆ. ಹುಡುಗಿಯರು ವೇದಿಕೆಯ ಹಿಂದಿನಿಂದ ಚೀಲಗಳನ್ನು ಹೊತ್ತು ತರುತ್ತಿದ್ದರು, ಇಬ್ಬಿಬ್ಬರಿಗೆ ಒಂದು. ಅಂಗಿಯೆಲ್ಲ ಹೊಯ್ಗೆ. ಬಾಗಲಕೋಟೆಯವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮೇಡಂ, ನಿನ್ನಿ ಹಾಡು ಅರ್ಧಕ್ಕ ನಿಂತೈತಿ."

"ನಿನಗೆ ಹೆದರಿಕೆ ಇಲ್ವಾ ಮಾರಾಯ್ತಿ?" ಎಂದಳು ಅಕ್ಕ.

"ಐತ್ರಿ. ಅದಕ್ಕ ನೀವು ಇರಬೇಕು."

ಅಕ್ಕ ಒಂದೊಂದೇ ಚೀಲವನ್ನು ಒತ್ತಿ ನೋಡಿದಳು. ಕಂಬವನ್ನು ತಾನೇ ಜಗ್ಗಿದಳು. ಆಮೇಲೆ ಚೀಲಗಳ ಮೇಲೆ ಕುಳಿತು, ಪಕ್ಕದಲ್ಲಿ ತಟ್ಟಿ ನನ್ನನ್ನು ಕರೆದಳು. "ನೀನೂ ಬಾ. ಭಾರ ಇರಲಿ."

ಹುಡುಗಿಯರು ಬಾಗಲಕೋಟೆಯವಳನ್ನು ಮತ್ತೆ ರಿಂಗಿಗೆ ಎತ್ತುವಾಗ ನಾನು ಕಣ್ಣು ಮುಚ್ಚಿಕೊಂಡು ಕುಳಿತೆ. ಮತ್ತೆ ಹಾಡು ಶುರುವಾಯಿತು, ಅಕ್ಕನೂ ರಾಗ ತಪ್ಪಿ ಸೇರಿಕೊಂಡಳು. ನಮ್ಮ ಕೆಳಗಿನ ಚಕ್ರ ಅಲುಗಲಿಲ್ಲ. ಹಾಡು ಮುಗಿದ ಮೇಲೂ ಅವಳ ಕೈ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.