ಬುಲ್‌ಬುಲ್ ತರಂಗಕ್ಕೆ ಅಪ್ಪ ತೆಗೆದ ಕೊಂಕು

ಬದನೆಕಾಯಿ ಕೊಳ್ಳುವಾಗ ನಮ್ಮವ್ವ ಮೊದಲು ಅದರ ತೊಟ್ಟನ್ನು ಬೈಯುತ್ತಿದ್ದಳು. ತೊಟ್ಟು ಒಣಗಿದೆ, ಮೈ ಸುಕ್ಕಾಗಿದೆ, ಒಳಗೆ ಹುಳ ಇದ್ದೀತು ಎಂದು ಸಾಕಷ್ಟು ಕೊಂಕು ತೆಗೆದ ಮೇಲೆ, ಬುಟ್ಟಿಯ ಅರ್ಧ ಕಾಯಿಗಳು ಅವಳ ಸೆರಗಿಗೆ ಬೀಳುತ್ತಿದ್ದವು. ಮನಸ್ಸಿಗೆ ಹಿಡಿಸಿದ್ದನ್ನು ಬಾಯಿಬಿಟ್ಟು ಹೊಗಳಿದರೆ ದರ ಏರುತ್ತದೆಂಬ ಈ ವ್ಯವಹಾರಜ್ಞಾನ ನಿಮ್ಮ ಮನೆಯಲ್ಲೂ ಇದ್ದೀತು. ತಿಕೋಟಾದ ನಮ್ಮ ಮನೆಯಲ್ಲಂತೂ ಅದು ಎಷ್ಟು ಬಲಿತಿತ್ತೆಂದರೆ, ಅಪ್ಪ ಮೆಚ್ಚಿ ತಂದ ಎತ್ತುಗಳಷ್ಟು ಅವನಿಂದ ಬೈಸಿಕೊಂಡ ಪ್ರಾಣಿಗಳು ಬೇರೆ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮ್ಯಾಟ್ರಿಕ್ ಪಾಸಾದ ಮಗಳೆಂದು ನನಗೆ ಒಂದು ವಾದ್ಯ ಕೊಡಿಸಲು ಒಪ್ಪಿ ಅಪ್ಪ ವಿಜಾಪುರಕ್ಕೆ ಕರೆದೊಯ್ದ. ಹಾರ್ಮೋನಿಯಂ ನಮ್ಮ ಕೈಗೆಟುಕುವಂಥದ್ದಲ್ಲ. ಹೊಸದಾಗಿ ಕಲಿಯುವವರಿಗೆ ಬುಲ್‌ಬುಲ್ ತರಂಗವೇ ಸಾಕೆಂದು ಭಜನೆಯ ಮಾಸ್ತರರು ಹೇಳಿದ್ದರು. ಎಡಗೈಯಿಂದ ಗುಂಡಿ ಒತ್ತಿ ಬಲಗೈಯಿಂದ ತಂತಿ ಮೀಟುವ ಪುಟ್ಟ ವಾದ್ಯವದು. ಅಂಗಡಿಯಲ್ಲಿ ಎರಡಿದ್ದವು. ಹಸಿರು ಬಣ್ಣದ್ದರ ದನಿ ಕೇಳಿದೊಡನೆ, ಇದಿಲ್ಲದೆ ಊರಿಗೆ ಮರಳಲಾರೆ ಎನಿಸಿತು.

ಅಪ್ಪ ದರ ಕೇಳಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಗುಂಡಿ ಸಡ್ಲ ಅದಾವ, ತಂತಿಗೆ ಜಂಗ ಹಿಡದೈತಿ, ದನಿ ನೋಡಿದ್ರ ನೆಗಡಿ ಆದಂಗ ಐತಿ. ಇದನ್ನ ಯಾರ ಒಯ್ತಾರ್ರಿ?"

ಅವ್ವನ ಬದನೆಕಾಯಿಯ ಕೊಂಕು ನನಗೆ ಗೊತ್ತಿತ್ತು. ಸಂಗೀತಕ್ಕೂ ಅದೇ ನಿಯಮವೆಂದು ಹೊಳೆಯಲಿಲ್ಲ. ಅಪ್ಪನಿಗೆ ಕೊಡಿಸುವ ಮನಸ್ಸಿಲ್ಲವೆಂದೇ ತಿಳಿದು, "ನನಗ ಬ್ಯಾಡ ಬಿಡಪಾ" ಎಂದುಬಿಟ್ಟೆ. ಅವನು ವಾದ್ಯವನ್ನು ಮೆಲ್ಲಗೆ ಕೆಳಗಿಟ್ಟು ಹೊರನಡೆದ.

ಮೆಚ್ಚಿಕೆಯನ್ನು ಬಚ್ಚಿಡುವುದರಲ್ಲಿ ಪಳಗಿದ ನಾವು ಕೊನೆಗೆ ಒಬ್ಬರಿಗೊಬ್ಬರು ಎಷ್ಟು ಅಪರಿಚಿತರಾಗುತ್ತೇವೆಂದು ಈಗ ಅನಿಸುತ್ತದೆ. ಆಗ ಬಂದದ್ದು ಅಳು ಮಾತ್ರ.

ತಿಕೋಟಾ ಬಸ್ಸಿನಲ್ಲಿ ಕುಳಿತ ಮೇಲೆ ಅಪ್ಪ, "ಚಲೋ ಇತ್ತು ಅದು. ದರ ಇಳಿಸಾಕತ್ತಿದ್ದೆ, ನೀನಽ ಬ್ಯಾಡಂದಿ" ಎಂದ.

"ಯಪ್ಪಾ, ನನಗ ಅದಽ ಬೇಕಾಗಿತ್ತು."

ಅಪ್ಪ ನನ್ನ ಮುಖವನ್ನೇ ನೋಡಿದ. ಕಂಡಕ್ಟರ್ ಸೀಟಿ ಊದುವ ಮೊದಲೇ ಇಬ್ಬರೂ ಇಳಿದೆವು.

ಮರಳಿ ಬಂದ ಗಿರಾಕಿಯನ್ನು ಕಂಡು ಅಂಗಡಿಯವನು ತಾನಾಗಿಯೇ, "ಹೋಗ್ಲಿ, ಸ್ವಲ್ಪ ಕಮ್ಮಿ ಮಾಡ್ತೇನ್ರಿ" ಎಂದ. ಅವನು ಮೊದಲು ಹೇಳಿದಷ್ಟು ಹಣವನ್ನೂ ಅಪ್ಪ ಮುಂದಿಟ್ಟ.

"ಬ್ಯಾಡ್ರಿ," ಎಂದ. "ಕಮ್ಮಿ ತಗೋಬೇಕಂದ್ರ ಇನ್ನೊಮ್ಮಿ ಕೊಂಕು ತಗೀಬೇಕಾಗ್ತೈತಿ. ಇಕಿ ಅದನ್ನ ಖರೇ ಅಂತ ತಿಳ್ಕೋತಾಳ."